ತಡ ಅಂದ್ರೆ ಎಷ್ಟು ತಡ? ಪ್ರೊಸೆಸರ್‌ಗೆ ಕೇಳಬೇಕಾದ ಪ್ರಶ್ನೆ

ಬೆಳಗಾವಿಯ ಉದ್ಯಮಬಾಗದ ಮಶೀನ್ ಶಾಪ್‌ಗಳಲ್ಲಿ ಕಂಪ್ಯೂಟರ್ ನಡೆಸುವ ಸಿಎನ್‌ಸಿ ಲೇತ್ ಮೇಲೆ ಥ್ರೆಡ್ (ಬೋಲ್ಟಿನ ಮೇಲಿರುವಂಥ ಸುರುಳಿ ಗೆರೆ) ಹಾಕುವುದು ದಿನಬೆಳಗಾದರೆ ನಡೆಯುವ ಕೆಲಸ. ಚಕ್‌ನಲ್ಲಿ ಹಿಡಿದ ಜಾಬ್, ಅಂದರೆ ಕತ್ತರಿಸಬೇಕಾದ ಲೋಹದ ತುಂಡು, ಗರಗರ ತಿರುಗುತ್ತದೆ, ಟೂಲ್ ಅದರ ಉದ್ದಕ್ಕೂ ಸರಿಯುತ್ತದೆ. ಒಂದೇ ಪಾಸ್‌ನಲ್ಲಿ ಪೂರ್ತಿ ಆಳ ಸಿಗುವುದಿಲ್ಲ. ಆಳ ಸ್ವಲ್ಪಸ್ವಲ್ಪ ಹೆಚ್ಚಿಸುತ್ತಾ, ಹಿಂದಿನ ಪಾಸ್ ಬಿಟ್ಟ ಗೆರೆಯಲ್ಲೇ ಟೂಲ್ ಮತ್ತೆ ಮತ್ತೆ ಓಡಬೇಕು. ಅದಕ್ಕೆ ಪ್ರತಿ ಸಲವೂ ಜಾಬ್ ತಿರುಗಿಸುವ ಸ್ಪಿಂಡಲ್ ಅದೇ ಕೋನಕ್ಕೆ ಬಂದಾಗಲೇ ಟೂಲ್ ಹೊರಡಬೇಕು. ಸ್ಪಿಂಡಲ್‌ನ ಕೋನ ಅಳೆಯುವ ಎನ್‌ಕೋಡರ್ 'ಈಗ' ಅಂತ ಸಿಗ್ನಲ್ ಕೊಡುತ್ತದೆ. ಕಂಟ್ರೋಲರ್ ಒಳಗಿನ ಪ್ರೊಸೆಸರ್ ಅದನ್ನು ನೋಡಿ ಸರ್ವೋ ಮೋಟರ್‌ಗೆ ಅಪ್ಪಣೆ ಕೊಡುತ್ತದೆ.

ಸ್ವಲ್ಪ ಲೆಕ್ಕ ಹಾಕೋಣ. ಸ್ಪಿಂಡಲ್ ನಿಮಿಷಕ್ಕೆ 1500 ಸುತ್ತು ತಿರುಗುತ್ತಿದೆ ಅಂದುಕೊಳ್ಳಿ. ಅಂದರೆ ಸೆಕೆಂಡಿಗೆ 25 ಸುತ್ತು, ಒಂದು ಸುತ್ತಿಗೆ 40 ಮಿಲಿಸೆಕೆಂಡು. ಥ್ರೆಡ್‌ನ ಪಿಚ್, ಅಂದರೆ ಒಂದು ಸುತ್ತಿಗೆ ಟೂಲ್ ಸರಿಯಬೇಕಾದ ದೂರ, 2 ಮಿ.ಮೀ. ಆದರೆ ಟೂಲ್ ಸೆಕೆಂಡಿಗೆ 50 ಮಿ.ಮೀ. ಸರಿಯಬೇಕು. ಪ್ರೊಸೆಸರ್ 1 ಮಿಲಿಸೆಕೆಂಡು ತಡ ಮಾಡಿತು ಅಂತಿಟ್ಟುಕೊಳ್ಳಿ. ಅಷ್ಟರಲ್ಲಿ ಜಾಬ್ 9 ಡಿಗ್ರಿ ತಿರುಗಿರುತ್ತದೆ. ಟೂಲ್ ಇರಬೇಕಾದ ಜಾಗಕ್ಕಿಂತ 0.05 ಮಿ.ಮೀ. ಹಿಂದೆ ಇರುತ್ತದೆ. ಅಂದರೆ 50 ಮೈಕ್ರಾನ್.

ಆದರೆ ತಡವಾಗಿದ್ದೇ ತೊಂದರೆ ಅಲ್ಲ. ಪ್ರತಿ ಪಾಸ್‌ನಲ್ಲೂ ಸರಿಯಾಗಿ 1 ಮಿಲಿಸೆಕೆಂಡೇ ತಡವಾದರೆ ಏನೂ ಕೆಡುವುದಿಲ್ಲ. ಇಡೀ ಥ್ರೆಡ್ 50 ಮೈಕ್ರಾನ್ ಆಚೆಗೆ ಸರಿಯುತ್ತದೆ, ಅಷ್ಟೆ. ಒಂದು ಪಾಸ್‌ನಲ್ಲಿ 0.1, ಮುಂದಿನದರಲ್ಲಿ 1, ಅದರ ಮುಂದಿನದರಲ್ಲಿ 0.4 ಮಿಲಿಸೆಕೆಂಡು ತಡವಾದರೆ ಮಾತ್ರ ಜಾಬ್ ಸೀದಾ ಸ್ಕ್ರ್ಯಾಪ್‌ಗೆ. ಪ್ರತಿ ಪಾಸ್ ಬೇರೆ ಗೆರೆಯಲ್ಲಿ ಕತ್ತರಿಸಿ ಥ್ರೆಡ್‌ನ ಗೋಡೆಯನ್ನೇ ತಿಂದುಹಾಕುತ್ತದೆ. ಹೀಗೆ ತಡದಲ್ಲಿ ಆಗುವ ಏರುಪೇರಿಗೆ ಜಿಟರ್ ಅನ್ನುತ್ತಾರೆ. ನಿಜವಾದ ಕಂಟ್ರೋಲರ್‌ಗಳು ಇಷ್ಟು ಸರಳವಾಗಿಲ್ಲ, ಅವು ಸ್ಪಿಂಡಲ್ ಎಲ್ಲಿದೆ ಅಂತ ಸತತವಾಗಿ ಓದಿ ಟೂಲನ್ನು ತಿದ್ದುತ್ತಲೇ ಇರುತ್ತವೆ. ಆದರೆ ಆ ತಿದ್ದುವ ಕೆಲಸವೂ ಹೊತ್ತಿಗೆ ಸರಿಯಾಗಿ ನಡೆಯಬೇಕಲ್ವಾ?

ಹೊತ್ತು ತಪ್ಪಿದರೆ ಉತ್ತರ ಸರಿ ಇದ್ದರೂ ತಪ್ಪೇ ಅನ್ನುವಂಥ ವ್ಯವಸ್ಥೆಗೆ ಹಾರ್ಡ್ ರಿಯಲ್-ಟೈಮ್ ಅಂತ ಹೆಸರು. ಮೊಬೈಲಿನಲ್ಲಿ ವಿಡಿಯೋ ಒಂದು ಕ್ಷಣ ತಡವರಿಸಿದರೆ ನಾವು ಬೈದುಕೊಂಡು ಮುಂದೆ ನೋಡುತ್ತೇವೆ, ಅದು ಸಾಫ್ಟ್. ಏರ್‌ಬ್ಯಾಗ್ ತಡವರಿಸಿದರೆ ಮುಂದೆ ನೋಡಲು ನಾವೇ ಇರುವುದಿಲ್ಲ.

'ಹಾರ್ಡ್' ಅಂದರೆ ಬಹಳ ವೇಗ ಅಂತಲೂ ಅಲ್ಲ. ಆಲಮಟ್ಟಿಯ ಜಲವಿದ್ಯುತ್ ಕೇಂದ್ರವನ್ನು ನೋಡಿ. 55 ಮೆಗಾವ್ಯಾಟಿನ ಐದು, 15 ಮೆಗಾವ್ಯಾಟಿನ ಒಂದು, ಒಟ್ಟು 290 ಮೆಗಾವ್ಯಾಟ್. ಇಂಥ ದೊಡ್ಡ ಟರ್ಬೈನ್ ತಿರುಗುತ್ತಿರುವಾಗ ಗ್ರಿಡ್ ಇದ್ದಕ್ಕಿದ್ದಂತೆ ಕೈಬಿಟ್ಟರೆ ಹೊರೆ ಹೋಗಿ ಯಂತ್ರ ವೇಗ ಏರಿಸಿಕೊಳ್ಳುತ್ತದೆ. ಯಂತ್ರದ ವೇಗ ಕಾಯುವ ಗವರ್ನರ್ ನೀರಿನ ದಾರಿಯನ್ನು ಮುಚ್ಚತೊಡಗಬೇಕು. ಪಟ್ಟನೆ ಮುಚ್ಚಿದರೆ ಪೈಪಿನಲ್ಲಿ ನೀರಿನ ಹೊಡೆತ ಏಳುತ್ತದೆ, ನಿಧಾನ ಮಾಡಿದರೆ ಯಂತ್ರ ಹದ್ದು ಮೀರಿ ತಿರುಗುತ್ತದೆ. ಪ್ರೊಸೆಸರ್ ದೃಷ್ಟಿಯಲ್ಲಿ ಇದು ಆಮೆಗತಿಯ ಕೆಲಸ. ಆದರೂ ಡೆಡ್‌ಲೈನ್ ಡೆಡ್‌ಲೈನೇ.

ಹಾಗಾದರೆ ಒಂದು ಕೋಡ್ ಓಡಲು ಎಷ್ಟು ಹೊತ್ತು ಬೇಕು ಅಂತ ಮೊದಲೇ ಹೇಳಲು ಆಗುತ್ತದಾ? ಒಂದು ಕಾಲದಲ್ಲಿ ಆರಾಮಾಗಿ ಆಗುತ್ತಿತ್ತು.

ವಿಟಿಯು ಕೇಂದ್ರ ಕಚೇರಿ ಬೆಳಗಾವಿಯಲ್ಲೇ ಇದೆ. ಅದರ ಕಾಲೇಜುಗಳಲ್ಲಿ ಎಲೆಕ್ಟ್ರಾನಿಕ್ಸ್ ಓದಿದ ಎಷ್ಟೋ ಜನರಿಗೆ 8051ರ ಲ್ಯಾಬ್ ನೆನಪಿರುತ್ತದೆ. ಇಂಟೆಲ್ 1980ರಲ್ಲಿ ತಂದ ಚಿಪ್ ಅದು. 12 ಮೆಗಾಹರ್ಟ್ಸ್ ಕ್ರಿಸ್ಟಲ್ ಹಾಕಿದರೆ ಒಂದು ಮಶೀನ್ ಸೈಕಲ್‌ಗೆ ಸರಿಯಾಗಿ 1 ಮೈಕ್ರೋಸೆಕೆಂಡು. ಪ್ರತಿ ಇನ್‌ಸ್ಟ್ರಕ್ಷನ್‌ಗೂ ಎಷ್ಟು ಸೈಕಲ್ ಅಂತ ಪುಸ್ತಕದಲ್ಲೇ ಬರೆದಿರುತ್ತದೆ. ಹೆಚ್ಚಿನವು 1 ಇಲ್ಲವೇ 2, ಗುಣಾಕಾರ ಭಾಗಾಕಾರಕ್ಕೆ 4. ಡಿಲೇ ರೂಟೀನ್ ಬರೆಯುವಾಗ ನಾವು ಬೆರಳು ಮಡಚಿ ಎಣಿಸುತ್ತಿದ್ದೆವು. ರೂಟೀನನ್ನು ಕರೆಯಲು 2, ರಿಜಿಸ್ಟರ್‌ಗೆ 250 ತುಂಬಲು 1, ಸೊನ್ನೆ ಆಗುವವರೆಗೆ ಇಳಿಸುತ್ತಾ ಸುತ್ತಲು 250 ಸಲ 2 ಅಂದರೆ 500, ಹಿಂತಿರುಗಲು 2. ಒಟ್ಟು 505 ಮೈಕ್ರೋಸೆಕೆಂಡು. ಆಸಿಲೋಸ್ಕೋಪ್‌ನಲ್ಲಿ ನೋಡಿದರೂ ಅಷ್ಟೇ. ಸೋಮವಾರವೂ ಅಷ್ಟೇ, ಶುಕ್ರವಾರವೂ ಅಷ್ಟೇ.

ಅದರಲ್ಲೂ ಜಿಟರ್ ಇರಲಿಲ್ಲ ಅಂತಲ್ಲ. ಇಂಟರಪ್ಟ್, ಅಂದರೆ ಆ ಕೆಲಸ ಬಿಟ್ಟು ಇತ್ತ ನೋಡು ಅನ್ನುವ ಸಿಗ್ನಲ್, ಬಂದಾಗ ಕೈಯಲ್ಲಿರುವ ಇನ್‌ಸ್ಟ್ರಕ್ಷನ್ ಮುಗಿಸಿಯೇ ಅದು ಕಿವಿಗೊಡುತ್ತದೆ. ಒಂದೇ ಇಂಟರಪ್ಟ್ ಇರುವ ವ್ಯವಸ್ಥೆಯಲ್ಲಿ ಉತ್ತರ ಸಿಗಲು 3 ಸೈಕಲ್‌ಗಿಂತ ಜಾಸ್ತಿಯೇ ಬೇಕು, ಆದರೆ 9 ತಲುಪುವುದಿಲ್ಲ ಅಂತ ಇಂಟೆಲ್ ಕೈಪಿಡಿ ಹೇಳುತ್ತದೆ. ಏರುಪೇರು ಇದೆ, ಆದರೆ ಅದಕ್ಕೊಂದು ಬೇಲಿ ಇದೆ. ಇಷ್ಟು ಸಿಕ್ಕರೆ ಸಾಕು. ಹಳೇ ಚಿಪ್ ಯಾಕೆ ಕಲಿಸುತ್ತಾರೆ ಅಂತ ಮೂಗು ಮುರಿಯುವವರು ಈಗಲೂ ಇದ್ದಾರೆ. ಸಮಯ ಅನ್ನುವುದು ಕೋಡ್‌ನ ಒಂದು ಗುಣ ಅಂತ ಮನಸ್ಸಿಗೆ ಹತ್ತಿಸಲು ಇದಕ್ಕಿಂತ ಒಳ್ಳೆಯ ಚಿಪ್ ನನಗಂತೂ ಗೊತ್ತಿಲ್ಲ.

ಮುಂದೆ ಪ್ರೊಸೆಸರ್‌ಗಳ ಓಟ ಜೋರಾಯಿತು, ಮೆಮೊರಿಯ ಓಟ ಹಿಂದೆ ಬಿತ್ತು. ಇವತ್ತು ಗಿಗಾಹರ್ಟ್ಸ್ ವೇಗದ ಪ್ರೊಸೆಸರ್ ಹೊರಗಿನ ಮುಖ್ಯ ಮೆಮೊರಿಯಾದ ಡಿರಾಮ್‌ನಿಂದ ಒಂದು ಅಂಕಿ ತರಿಸಬೇಕಾದರೆ ನೂರಾರು ಕ್ಲಾಕ್ (ಪ್ರೊಸೆಸರ್ ಗಡಿಯಾರದ ಮಿಡಿತ) ಕಾಯಬೇಕಾಗುತ್ತದೆ. ಕಾಯುವುದನ್ನು ತಪ್ಪಿಸಲು ಎಂಜಿನಿಯರ್‌ಗಳು ಕಂಡುಕೊಂಡ ಉಪಾಯಗಳಲ್ಲಿ ಹೆಚ್ಚಿನವು ಒಂದೇ ಜಾತಿಯವು: ಮುಂದೇನಾಗುತ್ತದೆ ಅಂತ ಊಹೆ ಮಾಡು. ಊಹೆ ಸರಿಯಾದರೆ ಲಾಭ, ತಪ್ಪಿದರೆ ದಂಡ. ಸಾವಿರ ಸಲ ಓಡಿಸಿ ಸರಾಸರಿ ತೆಗೆದರೆ ಲಾಭವೇ ಲಾಭ. ನಮಗೆ ಸರಾಸರಿ ಬೇಡವಲ್ಲ, ತೊಂದರೆ ಇರುವುದು ಅಲ್ಲೇ.

ಟಿಳಕವಾಡಿಯ ರೈಲ್ವೆ ಗೇಟ್ ಗೊತ್ತಿರುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಗೇಟ್ ತೆರೆದಿದ್ದರೆ ಎರಡು ನಿಮಿಷದಲ್ಲಿ ಆಚೆ. ಗೂಡ್ಸ್ ಗಾಡಿ ಬರುತ್ತಿದ್ದರೆ ಎಷ್ಟು ಹೊತ್ತೋ ದೇವರೇ ಬಲ್ಲ. ಸುತ್ತು ಹಾಕಿ ಮೇಲ್ಸೇತುವೆ ಮೇಲೆ ಹೋದರೆ ಯಾವಾಗಲೂ ಏಳೆಂಟು ನಿಮಿಷ. ದಿನಾ ತರಕಾರಿ ತರಲು ಹೋಗುವವನಿಗೆ ಗೇಟಿನ ದಾರಿಯೇ ಲಾಭ. ಪರೀಕ್ಷೆಗೆ ಹೊರಟವನಿಗೆ ಸೇತುವೆ.

ಪ್ರೊಸೆಸರ್ ಒಳಗಿನ ಗೇಟ್‌ನ ಹೆಸರು ಕ್ಯಾಶ್. ಇತ್ತೀಚೆಗೆ ಬಳಸಿದ್ದನ್ನು ಹತ್ತಿರದಲ್ಲೇ ಇಟ್ಟುಕೊಳ್ಳುವ ಚಿಕ್ಕ, ಚುರುಕಾದ ಮೆಮೊರಿ ಅದು. ಬೇಕಾದದ್ದು ಅಲ್ಲಿದ್ದರೆ ಕೆಲವೇ ಕ್ಲಾಕ್, ಇಲ್ಲದಿದ್ದರೆ ದೂರದ ಮೆಮೊರಿಗೆ ಓಟ. ಬೇಕಾದದ್ದು ಅಲ್ಲಿ ಇದೆಯಾ ಇಲ್ಲವಾ ಅನ್ನುವುದು ಈಗಿನ ಕೋಡನ್ನು ಮಾತ್ರ ನಂಬಿಕೊಂಡಿಲ್ಲ. ಇದಕ್ಕೆ ಮುಂಚೆ ಏನು ಓಡಿತ್ತು, ನಡುವೆ ಯಾವ ಇಂಟರಪ್ಟ್ ಬಂದು ಏನನ್ನು ಹೊರಗೆ ತಳ್ಳಿತು ಅನ್ನುವುದೂ ಲೆಕ್ಕಕ್ಕೆ ಬರುತ್ತದೆ. ಅದೇ ಕೋಡ್, ಅದೇ ಇನ್‌ಪುಟ್, ಸಮಯ ಮಾತ್ರ ಬೇರೆ. 8051ರಲ್ಲಿ ಸಮಯ ಇನ್‌ಸ್ಟ್ರಕ್ಷನ್‌ನ ಗುಣವಾಗಿತ್ತು, ಇಲ್ಲಿ ಅದು ಇಡೀ ಯಂತ್ರದ ಚರಿತ್ರೆಯ ಗುಣ.

ಕವಲು ಊಹೆಯೂ ಹೀಗೆಯೇ. 'ಹೀಗಾದರೆ ಅತ್ತ, ಇಲ್ಲವಾದರೆ ಇತ್ತ' ಅನ್ನುವ ಜಾಗ ಬಂದಾಗ ಪ್ರೊಸೆಸರ್ ಉತ್ತರಕ್ಕೆ ಕಾಯದೆ ಒಂದು ದಾರಿ ಹಿಡಿಯುತ್ತದೆ. ತಪ್ಪು ದಾರಿ ಅಂತ ತಿಳಿದರೆ ಮಾಡಿದ್ದೆಲ್ಲ ಒರೆಸಿ ಹಿಂದಕ್ಕೆ ಬರುತ್ತದೆ. ಡಿರಾಮ್‌ನದ್ದು ಇನ್ನೊಂದು ಕಾಟ. ಅದರ ಒಳಗಿನ ಚಾರ್ಜ್ ಸೋರಿಹೋಗುತ್ತದೆ, ಹಾಗಾಗಿ ಸಾಮಾನ್ಯವಾಗಿ 64 ಮಿಲಿಸೆಕೆಂಡಿಗೊಮ್ಮೆ ಎಲ್ಲ ಸಾಲುಗಳನ್ನೂ ಮರುತುಂಬಬೇಕು. ಅದನ್ನು 8192 ಕಂತುಗಳಲ್ಲಿ ಮಾಡುತ್ತಾರೆ, ಅಂದರೆ ಸುಮಾರು 7.8 ಮೈಕ್ರೋಸೆಕೆಂಡಿಗೊಂದು ಕಂತು. ನಿಮ್ಮ ಓದು ಆ ಕಂತಿನ ಎದುರಿಗೆ ಬಂದರೆ ನಿಂತು ಕಾಯಬೇಕು. ನಿಮ್ಮ ಪ್ರೋಗ್ರಾಮಿಗೂ ಅದಕ್ಕೂ ಯಾವ ಸಂಬಂಧವೂ ಇಲ್ಲ.

ಚಿಕ್ಕ ಮೈಕ್ರೋಕಂಟ್ರೋಲರ್‌ಗಳೂ ಇದರಿಂದ ಪೂರ್ತಿ ತಪ್ಪಿಸಿಕೊಂಡಿಲ್ಲ. ಕಾಲೇಜು ಪ್ರಾಜೆಕ್ಟ್‌ಗಳಲ್ಲಿ ಕಾಣಿಸುವ ಎಸ್‌ಟಿಎಂ32ಎಫ್4 ಸರಣಿಯ 168 ಮೆಗಾಹರ್ಟ್ಸ್ ಚಿಪ್‌ನಲ್ಲಿ ಕೋಡ್ ಇರುವುದು ಫ್ಲ್ಯಾಶ್ ಮೆಮೊರಿಯಲ್ಲಿ. ಅಷ್ಟು ವೇಗಕ್ಕೆ ಫ್ಲ್ಯಾಶ್ ಓಡಲಾರದು. 3.3 ವೋಲ್ಟ್‌ನಲ್ಲಿ ಪ್ರತಿ ಓದಿಗೆ 5 ಕ್ಲಾಕ್ ಹೆಚ್ಚುವರಿ ಕಾಯಬೇಕು. ಅದನ್ನು ಮರೆಮಾಚಲು ಒಳಗೆ ಪುಟ್ಟ ಕ್ಯಾಶ್ ಒಂದನ್ನು ಇಟ್ಟಿದ್ದಾರೆ. 'ಮೈಕ್ರೋಕಂಟ್ರೋಲರ್‌ನಲ್ಲಿ ಕ್ಯಾಶ್ ಎಲ್ಲಿದೆ ಸರ್' ಅಂತ ಕೇಳುವ ಹುಡುಗರ ಬೋರ್ಡ್‌ನಲ್ಲೇ ಅದು ಸುಮ್ನೆ ಕೂತು ಕೆಲಸ ಮಾಡುತ್ತಿರುತ್ತದೆ.

ಈಗ ಒಂದು ಪ್ರಶ್ನೆ. ಎಲ್ಲ ಓದುಗಳೂ ಕ್ಯಾಶ್ ತಪ್ಪುತ್ತವೆ ಅಂತ ಎಣಿಸಿಬಿಟ್ಟರೆ ಅತಿ ಹೆಚ್ಚಿನ ಸಮಯ ಸಿಕ್ಕಿಬಿಡುತ್ತದಲ್ವಾ? ಸಿಗಬೇಕು ಅಂತಲೇ ಎಲ್ಲರಿಗೂ ಅನಿಸುತ್ತದೆ. 1999ರಲ್ಲಿ ಸ್ವೀಡನ್ನಿನ ಥಾಮಸ್ ಲುಂಡ್‌ಕ್ವಿಸ್ಟ್ ಮತ್ತು ಪೆರ್ ಸ್ಟೆನ್‌ಸ್ಟ್ರಮ್ ಇದು ಸುಳ್ಳು ಅಂತ ತೋರಿಸಿದರು. ಇನ್‌ಸ್ಟ್ರಕ್ಷನ್‌ಗಳನ್ನು ಬರೆದ ಸಾಲಿನಲ್ಲೇ ಓಡಿಸದೆ, ಯಾವುದು ತಯಾರಿದೆಯೋ ಅದನ್ನು ಮೊದಲು ಓಡಿಸುವ ಪ್ರೊಸೆಸರ್‌ಗಳಲ್ಲಿ, ಕ್ಯಾಶ್‌ನಲ್ಲಿ ಬೇಕಾದದ್ದು ಸಿಕ್ಕಿದ್ದರಿಂದಲೇ ಒಟ್ಟು ಕೆಲಸ ತಡವಾಗಬಹುದು.

ಹೇಗೆ? ನಾಲ್ಕು ಇನ್‌ಸ್ಟ್ರಕ್ಷನ್ ಇವೆ ಅಂದುಕೊಳ್ಳಿ: ಅ, ಆ, ಇ, ಈ. 'ಅ' ಮೆಮೊರಿಯಿಂದ ಓದುತ್ತದೆ. ಅದು ಮುಗಿದ ಮೇಲೆ 'ಆ'. 'ಇ' ಎರಡನೇ ಕ್ಲಾಕ್‌ನಲ್ಲಿ ತಾನಾಗೇ ತಯಾರಾಗುತ್ತದೆ, ಅದು ಮುಗಿದ ಮೇಲೆ 'ಈ'. 'ಆ' ಮತ್ತು 'ಇ' ಒಂದೇ ಘಟಕವನ್ನು ಬಳಸುತ್ತವೆ, ತಲಾ 5 ಕ್ಲಾಕ್. 'ಈ' ಬೇರೆ ಘಟಕದ್ದು, 10 ಕ್ಲಾಕ್. ಕ್ಯಾಶ್‌ನಲ್ಲಿ ಸಿಕ್ಕಿತು ಅನ್ನೋಣ. 'ಅ' 1ನೇ ಕ್ಲಾಕ್‌ಗೇ ಮುಗಿಯಿತು. 'ಆ' ತಕ್ಷಣ ಘಟಕ ಹಿಡಿದು 6ರವರೆಗೆ ಕೂತಿತು. 'ಇ' ಕಾದು 11ಕ್ಕೆ ಮುಗಿಸಿತು. 'ಈ' ಮುಗಿಯುವಾಗ 21. ಈಗ ಕ್ಯಾಶ್ ತಪ್ಪಿತು, 'ಅ' 8ಕ್ಕೆ ಮುಗಿಯಿತು ಅನ್ನೋಣ. ಘಟಕ ಖಾಲಿ ಇದ್ದುದರಿಂದ 'ಇ' 2ಕ್ಕೆ ಶುರುವಾಗಿ 7ಕ್ಕೆ ಮುಗಿಯಿತು. 'ಈ' 17ಕ್ಕೆ ಮುಗಿಯಿತು. 'ಆ' ನಡುವೆ 8ರಿಂದ 13ರೊಳಗೆ ತನ್ನ ಪಾಡಿಗೆ ತಾನು ಆಗಿಹೋಯಿತು. ಒಟ್ಟು 17. ಓದು ತಡವಾಯಿತು, ಕೆಲಸ ಬೇಗ ಆಯಿತು! ಇದನ್ನು ಟೈಮಿಂಗ್ ಅನಾಮಲಿ ಅನ್ನುತ್ತಾರೆ. ಪ್ರತಿ ಹೆಜ್ಜೆಯಲ್ಲೂ ಕೆಟ್ಟದ್ದನ್ನೇ ಆರಿಸುತ್ತಾ ಹೋದರೆ ಕೊನೆಗೆ ಅತಿ ಕೆಟ್ಟದ್ದು ಸಿಗುತ್ತದೆ ಅನ್ನುವ ಭರವಸೆಯೇ ಹೋಯಿತು.

ಹಾಗಾದರೆ ಅಳೆದೇ ಬಿಡೋಣ ಅನ್ನುವವರು ಬಹಳ. ಲಕ್ಷ ಸಲ ಓಡಿಸಿ ಅತಿ ದೊಡ್ಡ ಅಂಕಿ ಬರೆದುಕೊಳ್ಳುವುದು. ಅದಕ್ಕೆ ಇಪ್ಪತ್ತೋ ಮೂವತ್ತೋ ಪರ್ಸೆಂಟ್ ಸೇರಿಸಿ 'ಇದೇ ಗರಿಷ್ಠ' ಅನ್ನುವುದು. ಉದ್ಯಮದಲ್ಲಿ ಇದು ಧಾರಾಳವಾಗಿ ನಡೆಯುತ್ತದೆ, ಎಷ್ಟೋ ಕಡೆ ಸಾಕೂ ಆಗುತ್ತದೆ. ಆದರೆ ಅಳತೆ ಹೇಳುವುದು ಇಲ್ಲಿಯವರೆಗೆ ಕಂಡ ಅತಿ ತಡ ಎಷ್ಟು ಅಂತ ಮಾತ್ರ. ಕ್ಯಾಶ್ ಖಾಲಿ, ಇಂಟರಪ್ಟ್, ಡಿರಾಮ್ ಕಂತು, ತಪ್ಪಿದ ಕವಲು, ಇವೆಲ್ಲ ಒಟ್ಟಿಗೆ ಕೂಡುವ ಗಳಿಗೆ ಲ್ಯಾಬ್‌ನಲ್ಲಿ ಬರದೇ ಇರಬಹುದು.

ಅಳೆಯದೆ ಲೆಕ್ಕ ಹಾಕುವ ದಾರಿಯೂ ಇದೆ. ಒಂದು ಕೋಡ್ ತೆಗೆದುಕೊಳ್ಳಬಹುದಾದ ಅತಿ ಹೆಚ್ಚಿನ ಸಮಯಕ್ಕೆ ವರ್ಸ್ಟ್ ಕೇಸ್ ಎಕ್ಸಿಕ್ಯೂಷನ್ ಟೈಮ್ ಅಂತ ಹೆಸರು, ಬಾಯಲ್ಲಿ ಡಬ್ಲ್ಯೂಸಿಇಟಿ. ಜರ್ಮನಿಯ ಸಾರ್‌ಬ್ರೂಕೆನ್‌ನಲ್ಲಿ ರೈನ್‌ಹಾರ್ಡ್ ವಿಲ್ಹೆಲ್ಮ್ ಮತ್ತು ಜೊತೆಗಾರರು ಬೆಳೆಸಿದ ವಿಧಾನ ಇದರಲ್ಲಿ ಹೆಸರುವಾಸಿ. ಕೋಡನ್ನು ಓಡಿಸುವುದೇ ಇಲ್ಲ. ಪ್ರತಿ ಜಾಗದಲ್ಲೂ, ಯಾವ ದಾರಿಯಿಂದ ಬಂದರೂ ಕ್ಯಾಶ್‌ನಲ್ಲಿ ಖಂಡಿತ ಏನಿರುತ್ತದೆ ಅಂತ ಗಣಿತದಿಂದ ಕಟ್ಟುತ್ತಾ ಹೋಗುತ್ತದೆ. ಖಂಡಿತ ಇದೆ ಅಂತ ಹೇಳಲಾದರೆ ಮಾತ್ರ ಬೇಗದ ಲೆಕ್ಕ. ಹೇಳಲಾಗದಿದ್ದರೆ ಎರಡೂ ಸಾಧ್ಯತೆಗಳನ್ನು ಹಿಡಿದು ಮುಂದಕ್ಕೆ. ಅಲ್ಲಿಂದ ಹುಟ್ಟಿದ ಎಐಟಿ ಎಂಬ ಸಾಧನವನ್ನು ಏರ್‌ಬಸ್ ತನ್ನ ಎ380 ವಿಮಾನದ ಹಾರಾಟ ನಿಯಂತ್ರಣ ಸಾಫ್ಟ್‌ವೇರ್‌ಗೆ ಬಳಸಿತು. ಸಿಗುವ ಅಂಕಿ ನಿಜವಾದ ಗರಿಷ್ಠಕ್ಕಿಂತ ಸ್ವಲ್ಪ ಮೇಲೇ ಇರುತ್ತದೆ, ಕೆಳಗೆ ಮಾತ್ರ ಇರುವುದಿಲ್ಲ. ಪ್ರೊಸೆಸರ್ ಎಷ್ಟು ಜಾಣವಾಗಿದೆಯೋ ಆ 'ಸ್ವಲ್ಪ' ಅಷ್ಟು ದೊಡ್ಡದಾಗುತ್ತದೆ. ಕೊನೆಗೆ ದುಬಾರಿ ಚಿಪ್ ಕೊಂಡು ಅದರ ಅರ್ಧ ಶಕ್ತಿಯನ್ನು ಅನುಮಾನಕ್ಕೇ ಬಿಟ್ಟುಕೊಡಬೇಕು.

ಎರಡು ನಾಲ್ಕು ಕೋರ್ ಇರುವ ಚಿಪ್‌ನಲ್ಲಂತೂ ಪಾಡು ಇನ್ನೂ ಕಷ್ಟ. ನಿಮ್ಮ ಮೋಟರ್ ಕೋಡ್ ಒಂದು ಕೋರ್ ಮೇಲೆ ಅಚ್ಚುಕಟ್ಟಾಗಿ ಓಡುತ್ತಿದೆ. ಪಕ್ಕದ ಕೋರ್ ಸ್ಕ್ರೀನ್ ಮೇಲೆ ಚಿತ್ರ ಬಿಡಿಸುತ್ತಾ ಮೆಮೊರಿಯ ದಾರಿಯನ್ನೆಲ್ಲ ತುಂಬಿಸಿಬಿಟ್ಟಿದೆ. ನಿಮ್ಮ ಕೋಡ್‌ನಲ್ಲಿ ಒಂದಕ್ಷರ ಬದಲಾಗಿಲ್ಲ, ಸಮಯ ಮಾತ್ರ ಬದಲಾಯಿತು. ಬಹು-ಕೋರ್ ಚಿಪ್‌ಗಳ ಬಗ್ಗೆ ವಿಮಾನ ಪ್ರಮಾಣೀಕರಣದ ಅಧಿಕಾರಿಗಳ ಅಂತರರಾಷ್ಟ್ರೀಯ ತಂಡ 2016ರಲ್ಲಿ ಕಾಸ್ಟ್-32ಎ ಅನ್ನುವ ಪ್ರತ್ಯೇಕ ದಾಖಲೆಯನ್ನೇ ತರಬೇಕಾಯಿತು. ಕೋರ್‌ಗಳು ಒಂದರ ಕಾಲಿಗೆ ಇನ್ನೊಂದು ತೊಡರುವ ಎಲ್ಲ ಜಾಗಗಳನ್ನೂ ಹುಡುಕಿ ತೋರಿಸಿ ಅನ್ನುವುದು ಅದರ ಮುಖ್ಯ ಒತ್ತಾಯ.

ಇದರಿಂದ ಹೊರಬರಲು ಜನ ಮಾಡಿದ್ದೇನು? ಅತಿ ಸುಲಭದ್ದು, ಊಹೆ ಮಾಡದ ಮೆಮೊರಿ. ಆರ್ಮ್ ಕಂಪನಿಯ ಕಾರ್ಟೆಕ್ಸ್-ಆರ್ ಸರಣಿ ಮತ್ತು ಕಾರ್ಟೆಕ್ಸ್-ಎಂ7ರಲ್ಲಿ ಪ್ರೊಸೆಸರ್‌ಗೆ ಅಂಟಿಕೊಂಡೇ ಟಿಸಿಎಂ ಅನ್ನುವ ಸಣ್ಣ ಮೆಮೊರಿ ಇಡಬಹುದು. ಏನಿಡಬೇಕು ಅಂತ ಪ್ರೋಗ್ರಾಮರ್ ಹೇಳುತ್ತಾನೆ, ಇಟ್ಟದ್ದು ಅಲ್ಲೇ ಇರುತ್ತದೆ, ಯಾವಾಗ ಓದಿದರೂ ಅದೇ ಸಮಯ. ಮೋಟರ್‌ನ ಇಂಟರಪ್ಟ್ ಕೋಡ್ ಅಲ್ಲಿ, ಸ್ಕ್ರೀನ್ ಕೋಡ್ ಕ್ಯಾಶ್ ಹಾದಿಯಲ್ಲಿ. ಕಾರ್ಟೆಕ್ಸ್-ಎಂ3, ಎಂ4ಗಳಿಗೆ ಮೂರೇ ಹಂತದ ಪೈಪ್‌ಲೈನ್ (ಇನ್‌ಸ್ಟ್ರಕ್ಷನ್‌ಗಳು ಹಂತಹಂತವಾಗಿ ಸಾಗುವ ಸಾಲು). ಕಾಯಿಸದ ಮೆಮೊರಿ ಇದ್ದರೆ ಇಂಟರಪ್ಟ್ ಬಂದ 12 ಕ್ಲಾಕ್‌ಗೆ ಅದರ ಕೋಡ್ ಶುರುವಾಗುತ್ತದೆ.

ನನಗೆ ಹೆಚ್ಚು ಇಷ್ಟವಾದದ್ದು ಬೀಗಲ್‌ಬೋನ್ ಬ್ಲ್ಯಾಕ್ ಬೋರ್ಡ್‌ನ ಉಪಾಯ. ಅದರ ಮುಖ್ಯ ಪ್ರೊಸೆಸರ್ 1 ಗಿಗಾಹರ್ಟ್ಸ್, ಅದರ ಮೇಲೆ ಲಿನಕ್ಸ್. ಅದೇ ಚಿಪ್‌ನ ಮೂಲೆಯಲ್ಲಿ ಪಿಆರ್‌ಯು ಅನ್ನುವ ಎರಡು ಪುಟ್ಟ ಪ್ರೊಸೆಸರ್ ಇವೆ, 200 ಮೆಗಾಹರ್ಟ್ಸ್ ಮಾತ್ರ. ಕ್ಯಾಶ್ ಇಲ್ಲ, ಕವಲು ಊಹೆ ಇಲ್ಲ. ಸಾಮಾನ್ಯ ಇನ್‌ಸ್ಟ್ರಕ್ಷನ್‌ಗೆ 5 ನ್ಯಾನೋಸೆಕೆಂಡು, ಯಾವಾಗಲೂ. ಐದು ಪಟ್ಟು ವೇಗದ ಅಣ್ಣ ಮಾಡಲಾಗದ್ದನ್ನು ಈ ತಮ್ಮಂದಿರು ಮಾಡುತ್ತಾರೆ. ಒಂದೇ ಷರತ್ತು: ತಮ್ಮ ಸ್ವಂತ ಮೆಮೊರಿ, ಸ್ವಂತ ಪಿನ್‌ಗಳನ್ನೇ ಮುಟ್ಟಬೇಕು. ಹೊರಗಿನ ಡಿಡಿಆರ್ ಮೆಮೊರಿಯಿಂದ ಓದಲು ಹೋದರೆ ಆ ಐದರ ಲೆಕ್ಕ ಅಲ್ಲಿಗೆ ಮುಗಿಯಿತು.

ಸಂಶೋಧಕರು ಇನ್ನೂ ಮುಂದೆ ಹೋದರು. ಅಮೆರಿಕದ ಸ್ಟೀಫನ್ ಎಡ್ವರ್ಡ್ಸ್, ಎಡ್ವರ್ಡ್ ಲೀ 2007ರಲ್ಲಿ ಪ್ರೆಟ್ (ಪ್ರಿಸಿಷನ್ ಟೈಮ್ಡ್) ಯಂತ್ರಗಳ ಪರವಾಗಿ ವಾದ ಹೂಡಿದರು. ಲೆಕ್ಕದ ಉತ್ತರದಂತೆ ಸಮಯವನ್ನೂ ಪ್ರೊಸೆಸರ್‌ನ ವಚನದಲ್ಲೇ ಸೇರಿಸಿ ಅನ್ನುವುದು ಅವರ ವಾದ. ಡೆನ್ಮಾರ್ಕಿನಲ್ಲಿ ಮಾರ್ಟಿನ್ ಶೋಬರ್ಲ್ ತಂಡ ಡಬ್ಲ್ಯೂಸಿಇಟಿ ಲೆಕ್ಕ ಸುಲಭವಾಗಲೆಂದೇ ಪ್ಯಾಟ್‌ಮಾಸ್ ಪ್ರೊಸೆಸರ್ ಕಟ್ಟಿತು. ಅಂಗಡಿಯಲ್ಲಿ ಸಿಗುವ ಚಿಪ್‌ಗಳ ಪೈಕಿ ಎಕ್ಸ್‌ಮಾಸ್ ಕಂಪನಿಯವು ಇದೇ ಮನೋಭಾವದವು.

ಇದಾವುದೂ ಕೈಗೆಟುಕದಿದ್ದರೂ ಒಂದು ಹಳೆಯ ಜಾಣತನ ಇದೆ. ಪಿನ್ ಯಾವಾಗ ಏಳಬೇಕು, ಬೀಳಬೇಕು ಅನ್ನುವುದನ್ನು ಕೋಡ್‌ಗೆ ಬಿಡಬೇಡಿ, ಚಿಪ್‌ನ ಟೈಮರ್‌ಗೆ ಬಿಡಿ. ಎನ್‌ಕೋಡರ್ ಸಿಗ್ನಲ್ ಬಂದ ಕ್ಷಣವನ್ನು ಟೈಮರ್‌ನ ಕ್ಯಾಪ್ಚರ್ ಹಿಡಿದಿಟ್ಟುಕೊಳ್ಳುತ್ತದೆ. ಪ್ರೊಸೆಸರ್ ಆಮೇಲೆ ಬಿಡುವಾದಾಗ ಓದಿದರೂ ಅಂಕಿ ಕೆಡುವುದಿಲ್ಲ. ಹೊರಗೆ ಕೊಡುವಾಗಲೂ ಮುಂದಿನ ಅಂಚಿನ ಸಮಯವನ್ನು ಮೊದಲೇ ಕಂಪೇರ್ ರಿಜಿಸ್ಟರ್‌ನಲ್ಲಿ ಬರೆದಿಟ್ಟರೆ ಸರಿಯಾದ ಕ್ಲಾಕ್‌ಗೆ ಹಾರ್ಡ್‌ವೇರೇ ಪಿನ್ ಎತ್ತುತ್ತದೆ. ಕೋಡ್‌ನ ಜಿಟರ್ ಪಿನ್‌ವರೆಗೆ ಬರುವುದೇ ಇಲ್ಲ, ಡೆಡ್‌ಲೈನ್ ಒಳಗೆ ಮುಗಿಸಿದರೆ ಸಾಕು.

ಕಣ್ಣಾರೆ ನೋಡಬೇಕು ಅನ್ನುವವರಿಗೆ ಆರ್ಡುಯಿನೋ ಉನೋ ಮತ್ತು ಕಾಲೇಜಿನ ಆಸಿಲೋಸ್ಕೋಪ್ ಸಾಕು. ಲೂಪ್‌ನಲ್ಲಿ ಒಂದು ಪಿನ್ ಎತ್ತಿ ಇಳಿಸುವ ಕೋಡ್ ಬರೆಯಿರಿ. ನಿಧಾನದ ಡಿಜಿಟಲ್‌ರೈಟ್ ಬೇಡ, ಪೋರ್ಟ್ ರಿಜಿಸ್ಟರ್‌ಗೆ ನೇರವಾಗಿ ಬರೆಯಿರಿ. ಸ್ಕೋಪ್‌ನಲ್ಲಿ ಪರ್ಸಿಸ್ಟೆನ್ಸ್ ಹಾಕಿ, ಹಳೆಯ ಅಲೆಗಳು ಪರದೆ ಮೇಲೆ ಉಳಿಯಲಿ. 16 ಮೆಗಾಹರ್ಟ್ಸ್‌ನ ಆ ಚಿಪ್‌ನಲ್ಲಿ ಕ್ಯಾಶ್ ಇಲ್ಲ, ಆದರೂ ಆಗಾಗ ಒಂದು ಅಂಚು ಕೆಲವು ಮೈಕ್ರೋಸೆಕೆಂಡು ಆಚೆ ಹಾರುತ್ತದೆ. ಅದು ಮಿಲಿಸೆಕೆಂಡು ಎಣಿಸಲು ಆರ್ಡುಯಿನೋ ತಾನೇ ಇಟ್ಟುಕೊಂಡ ಟೈಮರ್0 ಇಂಟರಪ್ಟ್, 1.024 ಮಿಲಿಸೆಕೆಂಡಿಗೊಮ್ಮೆ ಬರುತ್ತದೆ. ಇಂಟರಪ್ಟ್ ನಿಲ್ಲಿಸಿದರೆ ಅಲೆ ಗೆರೆ ಎಳೆದಂತೆ ನಿಲ್ಲುತ್ತದೆ, ಮಿಲಿಸೆಕೆಂಡಿನ ಎಣಿಕೆಯೂ ನಿಲ್ಲುತ್ತದೆ. ಆಮೇಲೆ ಇಂಥದ್ದೇ ಕೋಡನ್ನು ಲಿನಕ್ಸ್ ಓಡುವ ರಾಸ್ಪ್‌ಬೆರಿ ಪೈ ಮೇಲೆ ಓಡಿಸಿ, ಪಕ್ಕದಲ್ಲೇ ಒಂದು ದೊಡ್ಡ ಫೈಲ್ ಕಾಪಿ ಹಾಕಿ. ಸರಾಸರಿ ವೇಗ ಉನೋಗಿಂತ ಎಷ್ಟೋ ಜಾಸ್ತಿ ಇರುತ್ತದೆ. ಸ್ಕೋಪ್‌ನ ಸಮಯದ ಗುಂಡಿಯನ್ನು ಮಿಲಿಸೆಕೆಂಡಿಗೆ ತಿರುಗಿಸಿ, ಅತಿ ಉದ್ದದ ಅಂತರ ಎಷ್ಟು ಅಂತ ನೋಡಿ. ಆ ಅಂಕಿಯನ್ನು ಸೆಕೆಂಡಿಗೆ 50 ಮಿ.ಮೀ. ಸರಿಯುವ ಟೂಲ್‌ಗೆ ಗುಣಿಸಿದರೆ ಮೈಕ್ರಾನ್ ಲೆಕ್ಕ ಸಿಗುತ್ತದೆ.